ಟೋಪಿ ಅಂಗಡಿಯಲ್ಲಿ ಕಣ್ಣಾಮುಚ್ಚಾಲೆ

ಅಂಗಡಿಯ ಬಾಗಿಲು ತಳ್ಳಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಒಳಗೆ ಯಾರೋ ಅಪರಿಚಿತ! ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈ ಮುಂದೆ ಚಾಚಿ, ಟೋಪಿಗಳ ರಾಶಿಯನ್ನು ತಡವುತ್ತಾ ಅವಳ ಕಡೆಗೇ ಬರುತ್ತಿದ್ದಾನೆ.

"ಇದು ಹುಲ್ಲಿನ ಟೋಪಿ... ಇದು ಉಣ್ಣೇದು... ಇದು..."

ಬೆರಳುಗಳು ಅವಳ ನೆತ್ತಿಯ ಮೇಲೆ ಬಂದು ಕೂತವು.

"ಇದ್ಯಾವ್ದಪ್ಪಾ? ರೇಷ್ಮೆ ಥರ ಇದೆ. ಬಿಸಿ ಬೇರೆ ಇದೆ!"

"ಅದು ನನ್ನ ತಲೆ ಕಣ್ರೀ!"

ಅವನು ಕಣ್ಣು ಬಿಟ್ಟ. ಗೇಣು ದೂರದಲ್ಲಿ ಕೆಂಡ ಕಾರುವ ಎರಡು ಕಣ್ಣು. ಕೈ ತೆಗೆಯುವುದನ್ನೂ ಮರೆತ.

"ಸಾರಿ ಮೇಡಂ... ಇದನ್ನೂ ಬಾಡಿಗೆಗೆ ಕೊಡ್ತೀರಾ?"

"ಅಪ್ಪಾ!!"

ಗಲ್ಲಾದ ಹಿಂದೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಬಡಗಿ ಕಣೇ ಪುಟ್ಟಿ. ಟೋಪಿಗಳಿಗೆ ರ‍್ಯಾಕ್ ಮಾಡೋಕೆ ಬಂದಿದಾನೆ."

"ಕಣ್ ಮುಚ್ಕೊಂಡಾ?"

"ಮರ ಮಾತಾಡತ್ತೆ ಮೇಡಂ. ಕಣ್ಣು ಬಿಟ್ರೆ ಕೇಳ್ಸಲ್ಲ," ಎಂದ ಆ ಮಹಾಶಯ, ಮೊದಲ ಸೀನಿನ ಹೀರೋ ಹಾಗೆ ಕಾಲರ್ ಎತ್ತಿಕೊಂಡು.

'ಶುರುವಾಯ್ತಪ್ಪ... ಎಲ್ಲಿ ಸಿಕ್ಕಿದ ಈ ಗಿರಾಕಿ ಅಪ್ಪಂಗೆ!'

ನಾಟಕದವರಿಗೂ ಫೋಟೊ ಸ್ಟುಡಿಯೊಗಳಿಗೂ ಟೋಪಿ ಬಾಡಿಗೆಗೆ ಕೊಡುವ ಅಂಗಡಿ ಅದು. ಅಮ್ಮ ಹೋದ ಮೇಲೆ ಅಪ್ಪನಿಗೆ ಮಗಳು, ಮಗಳಿಗೆ ಅಪ್ಪ, ಇಬ್ಬರಿಗೂ ಟೋಪಿಗಳು. ಇಟ್ಟಲ್ಲೇ ಇಟ್ಟು, ಒಂದರ ಮೇಲೊಂದು ಬಿದ್ದು, ಅರ್ಧಕ್ಕರ್ಧ ಟೋಪಿಗಳು ಹಪ್ಪಳವಾಗಿದ್ದವು. ಅದಕ್ಕೇ ಈ ರ‍್ಯಾಕು.

ಅವಳಿಗೆ ಬೇಕಿದ್ದದ್ದು ಗೋಡೆ ತುಂಬ ಸಾಲಾಗಿ ಕೊಕ್ಕೆಗಳು. ಮೊಬೈಲಿನಲ್ಲಿ ಫೋಟೊ ತೋರಿಸಿದಳು.

"ಕ್ಯಾಪ್ ಆದ್ರೆ ಹಿಂದಿನ ಪಟ್ಟಿ ಹಿಡ್ದು ನೇತಾಕ್ಬೋದು," ಎಂದ ಬಡಗಿ. "ದೊಡ್ಡ ಟೋಪಿಗಳನ್ನ ಕೊಕ್ಕೆಗೆ ಹಾಕಿದ್ರೆ ನೆತ್ತಿ ಮೇಲೆ ಕೊಂಬು ಬರತ್ತೆ. ಹಾಕ್ಕೊಂಡವನು ರಾಜನ ಪಾರ್ಟ್ ಮಾಡ್ಬೇಕಾ, ಎತ್ತಿನ ಪಾರ್ಟಾ?"

"ಹಾಗಾದ್ರೆ ಗಾಜಿನ ಬಾಗಿಲಿನ ಕಪಾಟು."

"ಬೇಡ."

"ಯಾಕ್ ಬೇಡ?"

"ಅದು... ಬೇಡ ಮೇಡಂ."

ಅವನು ಹೇಳಿದ್ದೇ ಬೇರೆ. ಬಾಗಿಲಿಲ್ಲದ ಗೂಡುಗಳು. ಒಂದೊಂದು ಸಾಲಿನ ಅಂಚು ಒಂದೊಂದು ಥರ. ಒಂದು ನುಣ್ಣಗೆ, ಒಂದಕ್ಕೆ ಗರಗಸದ ಹಲ್ಲು, ಒಂದಕ್ಕೆ ಹಗ್ಗದ ಸುತ್ತು.

"ಇದೇನ್ರೀ ವೇಷ?"

"ಸ್ಟೈಲು ಮೇಡಂ, ಸ್ಟೈಲು!"

ಅಪ್ಪನಂತೂ ಅವನು ಹೇಳಿದ್ದಕ್ಕೆಲ್ಲ ಹೂಂ. ಸ್ವಂತ ಮಗಳ ಮಾತಿಗೆ ಬೆಲೆಯೇ ಇಲ್ಲ!

ಆದರೂ... ಅವನು ಬರುವ ಹೊತ್ತಿಗೆ ಅವಳು ಕನ್ನಡಿ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಅವನು ಕ್ಯಾಪ್ಟನ್ ಟೋಪಿ ಹಾಕಿಕೊಂಡು, "ಹಡಗು ಮುಳುಗ್ಲಿ, ಸಮುದ್ರ ಬತ್ಲಿ... ನೀವು ಹತ್ಕೊಳ್ಳೋವರ್ಗೂ ಈ ಕ್ಯಾಪ್ಟನ್ ಹೊರಡಲ್ಲ!" ಎಂದಾಗ ಬೈಯಬೇಕೆಂದು ಬಾಯಿ ತೆರೆದಳು. ಹೊರಬಂದದ್ದು ನಗು.

'ಥೂ! ನಂಗೇನಾಗಿದೆ?'

ಆಗಿದ್ದೇನೆಂದು ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ ಅಷ್ಟೆ.

ಆ ಮಧ್ಯಾಹ್ನ ಅವನಿಗೂ ಸೇರಿಸಿ ಚಹಾ ಮಾಡಿ ತರುತ್ತಿದ್ದವಳು, ಪರದೆಯ ಹಿಂದೆ ನಿಂತುಬಿಟ್ಟಳು. ಅಪ್ಪನ ದನಿ ತಗ್ಗಿತ್ತು.

"ಪುಟ್ಟಿಗೆ ಮಾತ್ರ ಗೊತ್ತಾಗ್ಬಾರ್ದು ಕಣಯ್ಯ."

"ಎಷ್ಟು ದಿನ ಅಂತ ಅವ್ರಿಗೆ ಟೋಪಿ ಹಾಕೋದು ಯಜಮಾನ್ರೇ?"

ಲೋಟ ತುಳುಕಿ ಬಿಸಿ ಚಹಾ ಕೈಮೇಲೆ ಚೆಲ್ಲಿತು. ಉರಿದದ್ದು ಮಾತ್ರ ಎದೆ. ಪರದೆ ಸರಿಸಿ ಮುಂದೆ ಬಂದಳು.

"ಓಹೋ! ನಮ್ಮಪ್ಪನ್ನ ಬುಟ್ಟಿಗೆ ಹಾಕ್ಕೊಂಡು ನಂಗೆ ಟೋಪಿ ಹಾಕ್ತಿದೀರಾ? ಅದೂ ಟೋಪಿ ಅಂಗಡಿಯವಳಿಗೇ! ಕೆಲ್ಸಕ್ಕೆ ಬಾರದ ಅಂಚು, ಹಗ್ಗ ಅಂತೆಲ್ಲ ಸೇರ್ಸಿ ಅಪ್ಪನ ಹತ್ರ ದುಡ್ಡು ಕೀಳ್ತಿದೀರ ಅಲ್ವಾ?"

ಅವನು ಅಪ್ಪನ ಮುಖ ನೋಡಿದ. ಅಪ್ಪ ತಲೆ ತಗ್ಗಿಸಿದರು.

"ಹೌದು ಮೇಡಂ," ಎಂದ ಅವನು. "ತಪ್ಪು ನಂದೇ."

ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೊರಟೇಹೋದ. ಒಂದು ಡೈಲಾಗೂ ಇಲ್ಲ!

'ಒಂದೇ ಒಂದ್ಸಲ ಅಲ್ಲ ಅನ್ನಬಾರದಿತ್ತಾ...'

ಅವಳು ಆ ರಾತ್ರಿ ದಿಂಬು ಒದ್ದೆ ಮಾಡಿದ್ದು ದಿಂಬಿಗೆ ಮಾತ್ರ ಗೊತ್ತು.

ಮಾರನೇ ದಿನವೇ ಹಟಕ್ಕೆ ಬಿದ್ದು ಗೋಡೆಗೆ ಕೊಕ್ಕೆ ಹೊಡೆಸಿದಳು. ಮುಗಿದಷ್ಟು ಗೂಡುಗಳಲ್ಲಿ ಇಟ್ಟಿದ್ದ ಟೋಪಿಗಳನ್ನೆಲ್ಲ ತೆಗೆದು ನೇತುಹಾಕಿದಳು. ಅಪ್ಪ ಬೇಡವೆನ್ನಲಿಲ್ಲ.

ಫೋಟೊಗ್ರಾಫರ್ ಬಂದು ಕ್ಯಾಪ್ಟನ್ ಟೋಪಿ ಕೇಳಿದ. ಅಪ್ಪ ಎದ್ದು ಗೋಡೆಯ ಕಡೆ ನಡೆದರು...

"ಅಯ್ಯೋ!"

ಕೊಕ್ಕೆ ಹುಬ್ಬಿಗೆ ಬಡಿದು ರಕ್ತ ಬರುತ್ತಿತ್ತು. ಅವಳು ಓಡಿ ಬಂದು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಸೆರಗು ಒತ್ತಿ ಹಿಡಿದಳು.

"ಕಣ್ಣೆದುರಿಗೇ ಇತ್ತಲ್ಲಪ್ಪಾ! ಕಾಣ್ಸಲಿಲ್ವಾ?"

ಅಪ್ಪ ಅವಳ ಕೈಗಾಗಿ ತಡಕಾಡಿದರು. ಕೈಗೆ ಸಿಕ್ಕಿದ ಕೆಂಪು ಕ್ಯಾಪನ್ನು ಅವರ ಮುಖದ ಮುಂದೆ ಹಿಡಿದಳು.

"ಅಪ್ಪಾ... ಇದು ಯಾವ ಬಣ್ಣ?"

ಅಪ್ಪ ಮೆಲ್ಲಗೆ ನಕ್ಕರು. "ಯಾವುದು, ಪುಟ್ಟಿ?"

ಅವಳು ಅಲ್ಲೇ ನೆಲಕ್ಕೆ ಕುಸಿದು ಅವರ ಮಡಿಲಲ್ಲಿ ಮುಖ ಇಟ್ಟಳು.

"ಕಣ್ಣಂಚಲ್ಲಿ ಉಳಿದಿರೋ ಒಂಚೂರು ನೋಟಾನೂ ನಿಧಾನಕ್ಕೆ ಹೋಗತ್ತಂತೆ, ಡಾಕ್ಟರ್ ಹೇಳಿದ್ರು," ಅಪ್ಪ ಅವಳ ತಲೆ ಸವರಿದರು. "ನೀನು ಹೀಗೆ ಅಳ್ತೀಯ ಅಂತಾನೇ ಹೇಳ್ಲಿಲ್ಲ. ಆ ಹುಡುಗ ಬಂದ ಗಳಿಗೇಲೇ ಕಂಡುಹಿಡ್ದ. ಟೇಪಿನ ತುದಿ ಹಿಡ್ಕೊಳ್ಳಿ ಅಂದ. ನಾನು ಗಾಳಿ ಹಿಡ್ಕೊಂಡೆ."

ಅವಳು ತಲೆ ಎತ್ತಿದಳು.

"ಅವತ್ತು ಕಣ್ ಮುಚ್ಕೊಂಡು ಓಡಾಡ್ತಿದ್ನಲ್ಲ, ನನ್ನ ಕೈಗೆ ಏನು ಎಲ್ಲಿ ಸಿಗ್ಬೇಕು ಅಂತ ನೋಡೋಕೆ ಪುಟ್ಟಿ. ಅಂಚು ಮುಟ್ಟಿದ್ರೆ ಯಾವ ಟೋಪಿ ಅಂತ ಗೊತ್ತಾಗ್ಬೇಕು, ಕಣ್ಣು ಹೋದ್ರೂ ಅಂಗಡಿ ಹೋಗ್ಬಾರ್ದು ಅಂದ. ಅದಕ್ಕೆ ಬೇರೆ ದುಡ್ಡೂ ಕೇಳ್ಲಿಲ್ಲ. ಬಾಯಿ ಬಿಡ್ಬೇಡ ಅಂತ ಆಣೆ ಹಾಕ್ಸಿದ್ದು ನಾನೇ."

ಅಪ್ಪನ ಗಾಯಕ್ಕೆ ಪಟ್ಟಿ ಹಾಕಿ, ಗೋಡೆಯ ಕೊಕ್ಕೆಗಳನ್ನೆಲ್ಲ ಕಿತ್ತುಹಾಕಿದವಳೇ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೇ?"

"ಬೈಸ್ಕೊಂಡು ಬರೋಕೆ!"

ಅವನ ಕಾರ್ಖಾನೆ ಎಂದರೆ ತಗಡಿನ ಒಂದು ಶೆಡ್ಡು. ಮೊಣಕಾಲುದ್ದ ಮರದ ಹೊಟ್ಟು. ನಡುವೆ ಅವನು ಹಲಗೆಗೆ ಹತ್ತರಿ ಹಾಕಿ ನುಣ್ಣಗೆ ಉಜ್ಜುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ಯಾಕ್ರೀ ಸುಳ್ಳು ಹೇಳಿದ್ರಿ, ತಪ್ಪು ನಂದೇ ಅಂತ?"

ಎಲ್ಲ ಗೊತ್ತಾಗಿದೆಯೆಂದು ಅವಳ ಕೆಂಪು ಕಣ್ಣುಗಳೇ ಹೇಳಿದವು.

"ಅದು ಯಜಮಾನ್ರ ಗುಟ್ಟು ಮೇಡಂ. ನಾನು ಒಳ್ಳೆಯವನಾಗೋಕೆ ಅದನ್ನ ಖರ್ಚು ಮಾಡೋಕಾಗತ್ತಾ?"

"ನಾನು ಅಷ್ಟು ಬೈದೆನಲ್ಲ... ಬೇಜಾರಾಗ್ಲಿಲ್ವಾ?"

"ಆಯ್ತು. ಊಟ ಸೇರ್ಲಿಲ್ಲ. ಬೈದಿದ್ದಕ್ಕಲ್ಲ... ಇನ್ಮೇಲೆ ನಿಮ್ಮನ್ನ ನೋಡೋಕಾಗಲ್ವಲ್ಲ ಅಂತ."

ಅವಳು ಕಣ್ಣೊರೆಸಿಕೊಂಡಳು. "ಕ್ಷಮಿಸ್ತೀರಾ?"

"ಅಳು ನಿಲ್ಸಿದ್ರೆ."

"ಕೊಕ್ಕೆ ಎಲ್ಲ ಕಿತ್ತಾಕಿದೀನಿ. ಬಂದು ರ‍್ಯಾಕ್ ಮುಗ್ಸಿಕೊಡಿ."

"ಇವತ್ತೇ ಮುಗಿಯತ್ತೆ. ಅದೇ ಕಷ್ಟ," ಎಂದ ಅವನು ಹಲಗೆಯನ್ನೇ ನೋಡುತ್ತಾ. "ನಾಳೆ ಬರೋಕೆ ನಂಗೆ ನೆಪ ಇರಲ್ಲ."

"ನೆಪ ಇಲ್ದೇ ಬನ್ನಿ."

ಮಾತಿನಮಲ್ಲ ಹಲಗೆ ಕೆಳಗಿಟ್ಟ. ಕಿವಿ ಕೆಂಪಾಯಿತು.

"ನಿಮ್ಮನ್ನ ಕಂಡ್ರೆ ನಂಗೆ... ಇಷ್ಟ ರೀ. ತುಂಬಾ ಇಷ್ಟ."

ಅವಳು ಹತ್ತಿರ ಬಂದು ಅವನ ರೆಪ್ಪೆಯ ಮೇಲಿದ್ದ ಹೊಟ್ಟನ್ನು ಬೆರಳ ತುದಿಯಿಂದ ತೆಗೆದಳು. ಅವನು ಉಸಿರು ಬಿಡಲಿಲ್ಲ.

"ನಂಗೂ," ಎಂದಳು, ಅವನಿಗಷ್ಟೇ ಕೇಳುವಂತೆ. ಆಮೇಲೆ ತಟ್ಟನೆ ತಿರುಗಿ ಉಳಿಯ ಚೀಲ ಹೆಗಲಿಗೇರಿಸಿಕೊಂಡಳು. "ಬೇಗ ನಡೀರಿ, ಅಪ್ಪ ಕಾಯ್ತಿದಾರೆ."

"ಬಡಗೀನಾ?"

ಅವಳು ತಿರುಗಿ ನೋಡಲಿಲ್ಲ. ದನಿಯಲ್ಲಿ ಮಾತ್ರ ನಗು ತುಂಬಿತ್ತು.

"ಅಳಿಯನ್ನ!"