ಬದುಕಿದ್ದವನಿಗೆ ಬಿಟ್ಟ ತರ್ಪಣ

ಸೋಮಾವತೀಪುರದ ಬಡಗಣ ಮಹಾದ್ವಾರದ ಮೇಲೆ ಮುಂಜಾನೆಯ ನಗಾರಿ ಮೊಳಗುತ್ತಲೇ, ಹೂವಾಡಗಿತ್ತಿಯರ ಕೂಗೂ ಪಟ್ಟದಾನೆಯ ಗಂಟೆಯೂ ಪರದೇಶದ ಕುದುರೆಗಳ ಹೇಷಾರವವೂ ಒಂದಾಗಿ ರಾಜಬೀದಿಯನ್ನು ತುಂಬಿದವು. ಜನರ ಕಣ್ಣೆಲ್ಲ ಇದ್ದದ್ದು ಹೊಸ ದುರ್ಗಪಾಲ ಬೊಪ್ಪದೇವನ ಮೇಲೆ. ಅವನ ಅಣ್ಣ, ಮಂತ್ರಿ ಕೇತಮಲ್ಲನಿಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ದುರ್ಗದ ಮುದ್ರೆಗಾಗಿ ತಲೆ ನರೆಯುವವರೆಗೆ ಕಾದವನು ತಾನು. ಪಡೆದವನು ಮೊನ್ನೆ ಮೊನ್ನೆ ಮೀಸೆ ಬಂದ ತಮ್ಮ!

ಬೊಪ್ಪದೇವ ಹಿಂದೊಮ್ಮೆ ಅರಸರ ರಾಯಭಾರಿಯಾಗಿ ಹಡಗೇರಿ ಕಡಲಾಚೆ ಹೋಗಿಬಂದಿದ್ದ. ಅದನ್ನೇ ನೆಪಮಾಡಿ, ಕಡಲು ದಾಟಿ ಕೆಟ್ಟವನೆಂದು ಕೇತಮಲ್ಲ ಕುಲದ ಹಿರಿಯರನ್ನು ಎತ್ತಿಕಟ್ಟಿದ. ಅವರು ಘಟಸ್ಫೋಟ ನಡೆಸಿದರು: ನೀರು ತುಂಬಿದ ಕೊಡವನ್ನು ದಾಸಿಯ ಕಾಲಿಂದ ತೆಂಕಣಕ್ಕೆ ಒದೆಸಿ ಉರುಳಿಸಿದರು, ಬದುಕಿದ್ದವನಿಗೆ ತರ್ಪಣ ಬಿಟ್ಟು, ಮಿಂದು ಮನೆಗೆ ನಡೆದರು. ಅಂದಿನಿಂದ ಬೊಪ್ಪದೇವ ಕುಲದ ಪಾಲಿಗೆ ಸತ್ತವನು.

ಕೇತಮಲ್ಲ ಹಿಗ್ಗಿ ಆಸ್ಥಾನಕ್ಕೆ ಧಾವಿಸಿದ. "ಮಹಾಪ್ರಭು, ಸತ್ತವನ ಕೈಯಲ್ಲಿ ದುರ್ಗದ ಮುದ್ರೆ ಇರಬಹುದೆ?"

ಅರಸ ಜಯಸೇನ ಧರ್ಮಾಧಿಕಾರಿ ಈಶಾನಭಟ್ಟರತ್ತ ನೋಡಿದನು. ಮುದುಕರು ನಕ್ಕರು.

"ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ, ಮಂತ್ರಿಗಳೆ. ಕೊಡ ಉರುಳಿದರೆ ಹೋಗುವುದು ಪಿತ್ರಾರ್ಜಿತದ ಪಾಲು, ಪಂಕ್ತಿಯೂಟ, ತಮ್ಮವರ ಎಳ್ಳುನೀರು. ಪದವಿ ಅರಸರು ಕೊಟ್ಟದ್ದು. ಅದನ್ನು ಕಸಿಯಲು ಕುಲಕ್ಕೆ ಅಧಿಕಾರವಿಲ್ಲ. ಬೊಪ್ಪದೇವರು ಇನ್ನು ನಿಮಗೆ ತಮ್ಮನಲ್ಲ, ಅಷ್ಟೆ. ನಮಗೆ ದುರ್ಗಪಾಲರೇ."

ಸಭೆ ಮುಸಿಮುಸಿ ನಕ್ಕಿತು. ಕೇತಮಲ್ಲನ ಹೊಟ್ಟೆಕಿಚ್ಚು ಇಮ್ಮಡಿಯಾಯಿತು.

ಮಳೆಗಾಲ ಕಳೆಯುತ್ತಲೇ ಶತ್ರುಸೇನೆ ನಗರವನ್ನು ಮುತ್ತಿತು. ಮದ್ದಾನೆಗಳು ಮಹಾದ್ವಾರದ ಕದ ಮುರಿದಾಗ ಬೊಪ್ಪದೇವ ಬಾಗಿಲಲ್ಲೇ ನಿಂತು, ಒಳಕೋಟೆ ಭದ್ರವಾಗುವವರೆಗೂ ಕಾದಾಡಿ ಮಡಿದ. ನಗರ ಉಳಿಯಿತು.

ಚಿತೆಗೆ ಬೆಂಕಿಯಿಡಲು ಕುಲದವರಿಗೆ ಹಕ್ಕಿಲ್ಲ. ಈ ಅನಾಥಶವಕ್ಕೆ ಇನ್ನಾರು ಗತಿ ಎಂದು ಕೇತಮಲ್ಲ ಒಳಗೊಳಗೇ ಹಿಗ್ಗುತ್ತಿರುವಾಗ, ಅರಸನೇ ಕಿರೀಟ ಕೆಳಗಿಟ್ಟು ಒದ್ದೆಬಟ್ಟೆಯಲ್ಲಿ ಮುಂದೆ ಬಂದನು.

"ಇವನಿಗೆ ಕುಲವಿಲ್ಲವಂತೆ. ನಮ್ಮ ಕುಲವೇ ಇವನದು. ಇವನು ನನ್ನ ಮಗ."

ಸತ್ತ ಮೇಲೂ ಇವನೇ ಮೇಲಾದನಲ್ಲ ಎಂದು ಕೇತಮಲ್ಲನ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಹೆಣದ ಮುಖದ ಮೇಲಿನ ವಸ್ತ್ರ ಸರಿಯಿತು. ಅಣ್ಣನ ಹೆಗಲ ಮೇಲೆ ನಿದ್ದೆಹೋಗುತ್ತಿದ್ದ ಕೂಸಿನದೇ ಮುಖ. ಕೇತಮಲ್ಲ ಹೆಣದ ಬಾಯಿಗೆ ಹಾಕಲೆಂದು ಒಂದು ಹಿಡಿ ಅಕ್ಕಿ ಹಿಡಿದು "ತಮ್ಮಾ!" ಎಂದು ಮುನ್ನುಗ್ಗಿದ.

ಕಾವಲಿನ ಭಟ ಈಟಿ ಅಡ್ಡ ಹಿಡಿದ.

"ಬಂಧುಗಳಿಗೆ ಮಾತ್ರ, ಒಡೆಯಾ. ತಾವು ಇವರಿಗೆ ಏನಾಗಬೇಕು?"