ನಾಲ್ಕನೇ ಬಿಲ್ಲೆ

ಸೋಮವಾರ ಬೆಳಿಗ್ಗೆ ಹುಣಸೂರಿನ ಕಾಲೇಜಿನ ಲ್ಯಾಬಿನ ಬಾಗಿಲು ತೆರೆದ ಅಟೆಂಡರ್ ಕಾಳ ಹೌಹಾರಿದ. ಬೀರುವಿನ ಬೀಗ ಮುರಿದಿತ್ತು. ಸಂಶೋಧನೆಗೆಂದು ತರಿಸಿದ್ದ ಎರಡು ತೊಲ ಅಪರಂಜಿ ತಂತಿ ಮಾಯವಾಗಿತ್ತು. ಕಾಳ ಕೂಗಿದ. ಪ್ರಿನ್ಸಿಪಾಲರು ಬಂದರು, ಪೊಲೀಸರೂ ಬಂದರು. ಕೂಗಿದವನನ್ನೇ ಹಿಡಿದುಕೊಂಡು ಹೋದರು.

ಅದು ೧೯೬೪. ಒಡವೆಗೆ ಹದಿನಾಲ್ಕು ಕ್ಯಾರಟ್ಟೇ ಸಾಕು ಎಂದು ಸರ್ಕಾರ ಕಟ್ಟಪ್ಪಣೆ ಮಾಡಿದ್ದ ಕಾಲ. ಅಪರಂಜಿ ಅಂದರೆ ಊರಿಗೆ ಊರೇ ಕಿವಿ ನಿಮಿರಿಸುತ್ತಿತ್ತು.

ಸಬ್ ಇನ್ಸ್‌ಪೆಕ್ಟರ್ ನೀಲಕಂಠಸ್ವಾಮಿ ಬಾಗಿಲನ್ನು ನೋಡಿದ. ಅದರ ಬೀಗಕ್ಕೆ ಏನೂ ಆಗಿರಲಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ ಮಾತ್ರ. ಒಬ್ಬ ಕಾಳ, ಇನ್ನೊಬ್ಬ ಲೆಕ್ಚರರ್ ಕಂಠಪ್ಪ. ರಜೆಗೆ ತನ್ನೂರು ಸಾಲಿಗ್ರಾಮಕ್ಕೆ ಹೋಗಿದ್ದ ಕಂಠಪ್ಪ ಇನ್ನೂ ಬಂದಿರಲಿಲ್ಲ. ಲ್ಯಾಬಿಗೆ ಪೇದೆಯ ಕಾವಲು ಹಾಕಿ ನೀಲಕಂಠಸ್ವಾಮಿ ಠಾಣೆಗೆ ನಡೆದ.

*

"ಸಿಕ್ತು ಸಾರ್!" ಹೆಡ್ ಕಾನ್ಸ್‌ಟೇಬಲ್ ನಿಂಗಯ್ಯ ಕಾಳನ ಜೇಬಿನಿಂದ ಹೊಳೆಯುವ ಚೂರೊಂದನ್ನು ತೆಗೆದ.

ನೀಲಕಂಠಸ್ವಾಮಿ ಉಗುರು ಹಾಕಿದ. ಚೂರು ಪದರ ಪದರವಾಗಿ ಬಿಟ್ಟುಕೊಂಡಿತು. "ಕಾಗೆಬಂಗಾರ ಕಣಯ್ಯ ಇದು, ಬರೀ ಅಭ್ರಕ."

"ಕಸ್ದಲ್ಲಿತ್ತು ಸ್ವಾಮಿ, ಮಗೀಗೆ ಆಡ್ಕಳಕೆ ಅಂತ ತಗಂಡೆ," ಅಂದ ಕಾಳ. "ಸನಿವಾರ ಮೂರಕ್ಕೆ ಗುಡ್ಸಿ ಬೀಗ ಆಕ್ದೆ. ಮೂರೂವರೆ ಬಸ್ಗೆ ಕೋಟೆ ಕಡೆ ಕಾಡ್ನಾಗಿರೋ ನಮ್ ಆಡಿಗೆ ಓದೆ. ಇವತ್ತೇ ಬಂದಿದ್ದು."

ಕರೆಸಿ ಕೇಳಿದ್ದಕ್ಕೆ ಬಸ್ಸಿನ ಕಂಡಕ್ಟರ್, ಹೋದದ್ದೂ ಇವತ್ತು ಬಂದದ್ದೂ ಹೌದೆಂದ. ಆದರೆ ಗುಡಿಸುವಾಗಲೇ ಕದ್ದಿರಬಹುದಲ್ಲ?

ಜಗುಲಿಯಲ್ಲಿ ಕಾಳನ ಹೆಂಡತಿ ಸೋಮಿ ಎದ್ದು ನಿಂತಳು. "ಕೋರ್ಟ್ಗೆ ಆಕ್ಬುಟ್ರೆ ಈ ಕೆಲ್ಸನೂ ಓಯ್ತದೆ, ಇನ್ನೆಲ್ಲೂ ಕೂಲಿಗೂ ಕರ್ಯಲ್ಲ ಸ್ವಾಮಿ."

ನೀಲಕಂಠಸ್ವಾಮಿಗೆ ಅಯ್ಯೋ ಅನಿಸಿತು. ಅಯ್ಯೋ ಅನ್ನುವುದು ಸಾಕ್ಷಿಯಲ್ಲವಲ್ಲ.

*

ಹತ್ತು ಗಂಟೆಗೆ ನೀಲಕಂಠಸ್ವಾಮಿ ಮತ್ತೆ ಲ್ಯಾಬಿಗೆ ಹೋದಾಗ ಕಂಠಪ್ಪ ಬಂದ. ಶನಿವಾರ ಎರಡರ ಬಸ್ಸಿಗೇ ಊರು ಬಿಟ್ಟೆ ಅಂದ. ಸಂಶೋಧನೆಯ ಮಾತೆತ್ತಿದ್ದೇ ತಡ, ಮುಖ ಅರಳಿತು.

"ಕಾಗೆಬಂಗಾರದ ಬಿಲ್ಲೆ ಮೇಲೆ ಬಂಗಾರದ ಆವಿ ಹಿಡಿಸ್ತೀನಿ ಸಾರ್. ಎಷ್ಟು ತೆಳುವು ಅಂದ್ರೆ, ಬೆಳಕಿಗೆ ಹಿಡಿದ್ರೆ ಹಸಿರಾಗಿ ಕಾಣುತ್ತೆ. ಒಂದು ಗಂಟೆ ಕಾಯಿಸಿದ್ರೆ ಆ ಪದರ ಹರಿದು, ಕೆಸುವಿನ ಎಲೆ ಮೇಲೆ ನೀರು ಗುಂಡಾಗುತ್ತಲ್ಲ, ಹಂಗೆ ಗುಂಡಾಗುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಗುಡ್ಡೆಗಳು. ಆಗ ಬಣ್ಣ ಕೆಂಪು."

"ಕೆಂಪಾದದ್ದು ಮತ್ತೆ ಹಸಿರಾಗುತ್ತಾ?"

"ಇಲ್ಲ ಸಾರ್. ಗುಡ್ಡೆ ಕಟ್ಟಿದ್ದು ಮತ್ತೆ ಹರಡಲ್ಲ."

ನೀಲಕಂಠಸ್ವಾಮಿ ಮೇಜಿನ ಮೇಲಿದ್ದ ನೋಟ್‌ಬುಕ್ ತೆರೆದ. ಕಂಠಪ್ಪನದೇ ಅಕ್ಷರ. 'ಶನಿವಾರ ಮಧ್ಯಾಹ್ನ ಒಂದು ಗಂಟೆ. ನಾಲ್ಕು ಬಿಲ್ಲೆ, ನಾಲ್ಕೂ ಹಸಿರು.' ತಟ್ಟೆಯಲ್ಲಿ ಇದ್ದದ್ದು ಮೂರು.

ಕಂಠಪ್ಪನ ಕಣ್ಣು ಮೂಲೆಯ ಕರೆಂಟ್ ಒಲೆಯತ್ತ ಹೋಗಿ ಬಂತು. ನೀಲಕಂಠಸ್ವಾಮಿ ಎದ್ದು ಹೋಗಿ ಒಲೆಯ ಬಾಗಿಲು ತೆಗೆದ. ಒಳಗೆ ಒಂದು ಬಿಲ್ಲೆ ಇತ್ತು. ಕಿಟಕಿಗೆ ಹಿಡಿದ. ದಾಳಿಂಬೆ ಕಾಳಿನ ಕೆಂಪು.

"ಶನಿವಾರ ಹತ್ತರಿಂದ ಸಂಜೆ ಆರರವರೆಗೆ ಊರಲ್ಲೇ ಕರೆಂಟ್ ಇರಲಿಲ್ಲ. ನಮ್ಮನೆ ರಾಗಿ ಗಿರಣಿಯಲ್ಲೇ ಕೂತಿತ್ತು. ಇದು ಬೆಂದದ್ದು ಯಾವಾಗ?"

"ಅದು... ಕರೆಂಟ್ ಬಂದಾಗ ಕಾಯಲಿ ಅಂತ ಸ್ವಿಚ್ ಹಾಕಿಟ್ಟೇ ಹೋದೆ."

"ಸರಿ. ಆರಿಸಿದ್ದು ಯಾರು?"

ಕಂಠಪ್ಪ ನೋಟ್‌ಬುಕ್ ಮುಚ್ಚಿದ.

"ಒಲೆ ಪೂರಾ ತಣ್ಣಗಿದೆ, ಸ್ವಿಚ್ ಆರಿದೆ. ಇವತ್ತು ಬೆಳಿಗ್ಗೆ ಆರಿಸಿದ್ದರೆ ಇನ್ನೂ ಬಿಸಿ ಇರುತ್ತಿತ್ತು. ಆರು ಗಂಟೆ ಮೇಲೆ ಬೀಗದ ಕೈ ಇರುವವರೊಬ್ಬರು ಇಲ್ಲಿದ್ದರು. ಕಾಳ ಮೂರೂವರೆಗೇ ಬಸ್ ಹತ್ತಿದ್ದ. ಉಳಿದವರು ನೀವು."

ಕಂಠಪ್ಪ ಸ್ಟೂಲ್ ಎಳೆದುಕೊಂಡು ಕೂತ. "ತಂತಿ ಮನೆ ಟ್ರಂಕಲ್ಲಿದೆ ಸಾರ್. ತಂಗಿ ಪ್ರೇಮಮ್ಮನ ಮದುವೆ. ಹದಿನಾಲ್ಕು ಕ್ಯಾರಟ್ಟಿನ ತಾಳಿ ಬೇಡ ಅಂತ ಗಂಡಿನ ಕಡೆಯವರು ಕೂತುಬಿಟ್ಟರು."

"ಕದಿಯೋಕೆ ಬಂದವರು ಒಲೆ ಯಾಕೆ ಹಚ್ಚಿದಿರಿ?"

"ಕಾಳ ಹೋದ ಮೇಲೆ ಒಳಗೆ ಬಂದು, ಕತ್ತಲಾಗಲಿ ಅಂತ ಕೂತಿದ್ದೆ. ಕರೆಂಟ್ ಬಂತು. ಮೂರು ವಾರದಿಂದ ಕಾದಿದ್ದ ಪ್ರಯೋಗ, ಸುಮ್ಮನೆ ಕೂರೋಕೆ ಆಗಲಿಲ್ಲ. ಬಿಸಿಯಲ್ಲಿ ತೆಗೆದರೆ ಬಿಲ್ಲೆ ಕೆಡುತ್ತೆ ಅಂತ ಸ್ವಿಚ್ ಆರಿಸಿ ಒಲೆಯಲ್ಲೇ ಬಿಟ್ಟು ಹೋದೆ. ಇವತ್ತು ಮುಂಚೆ ಬಂದು ತೆಗೆಯೋಣ ಅಂದುಕೊಂಡೆ, ಬಸ್ಸು ತಡವಾಯಿತು." ಆಮೇಲೆ ಮೆಲ್ಲಗೆ ಸೇರಿಸಿದ, "ಕಾಳನ ಹೆಸರು ನಾನು ಹೇಳಲಿಲ್ಲ."

"ಅವನಲ್ಲ ಅಂತಲೂ ಹೇಳಲಿಲ್ಲ," ಅಂದ ನೀಲಕಂಠಸ್ವಾಮಿ. ಅವನಿಗೆ ಸಿಟ್ಟು ಬಂದದ್ದು ಆಗಲೇ.

*

ಮಧ್ಯಾಹ್ನ ಕಾಳನನ್ನು ಬಿಟ್ಟರು. ಅವನು ಕೈ ಮುಗಿದ. ಸೋಮಿ ಮುಗಿಯಲಿಲ್ಲ.

"ಕರ್ಕಂಡು ಬರೋವಾಗ ಬಜಾರೆಲ್ಲಾ ನೋಡ್ತು ಸ್ವಾಮಿ. ಬುಟ್ಟಿದ್ನ ಯಾರು ನೋಡ್ತಾರೆ?"

ನಿಂಗಯ್ಯ ಗದರಲು ಬಾಯಿ ತೆರೆದ. ನೀಲಕಂಠಸ್ವಾಮಿ ಕೈ ಅಡ್ಡ ಹಿಡಿದ, ಟೋಪಿ ಹಾಕಿಕೊಂಡ. "ನಡಿಯಪ್ಪ ಕಾಳ, ಕಾಲೇಜಿನವರೆಗೆ ನಾನೂ ಬರ್ತೀನಿ."

ಸಂತೆಯ ದಿನ. ಮೂವರೂ ನಡುಬೀದಿಯಲ್ಲೇ ನಡೆದರು. ಕಾಳ ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಬಿದ್ದಾಗಲೆಲ್ಲ ಸಬ್ ಇನ್ಸ್‌ಪೆಕ್ಟರ್ ನಿಂತು, ಅವನು ಪಕ್ಕಕ್ಕೆ ಬಂದ ಮೇಲೆಯೇ ಮುಂದೆ ಹೆಜ್ಜೆ ಇಟ್ಟ.