ತಾಡಪತ್ರಿಯ ಇನ್ನೊಂದು ತುದಿ

“ಏನೇ ಆಗ್ಲಿ, ಮೊಬೈಲ್ ಮಾತ್ರ ಕೆಳಗಿಳಿಸಬ್ಯಾಡ್ರಿ!”

ಹಿಂದಿನಿಂದ ಬಂದ ಕೈಯೊಂದು ವಿಡಿಯೊ ತೆಗೆಯುತ್ತಿದ್ದ ಯಶೋದಾಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಿತು. ತಿರುಗಿ ನೋಡಿದರೆ ತರಬೇತುದಾರ ಕೊಟ್ಟೂರೇಶ್!

ದಾವಣಗೆರೆಯ ಎಸ್.ಎಸ್. ಬಡಾವಣೆಯ ಆ ಹಾಲ್‌ನಲ್ಲಿ, ಹಳ್ಳಿಯ ಯುವಸಂಘಗಳಲ್ಲಿ ಕೆಲಸ ಮಾಡುವವರಿಗೆ ಹವಾಮಾನ ಬದಲಾವಣೆಯ ಬಗ್ಗೆ ವಿಡಿಯೊ ಮಾಡಲು ಅವನು ಕಲಿಸುತ್ತಿದ್ದ. ಹರಿಹರದ ಪಕ್ಕದ ಸಾರಥಿಯಿಂದ ಬಂದಿದ್ದ ಯಶೋದಾಳಿಗೆ ಪಾಠ ತಲೆಗೆ ಹೋಯಿತೋ ಇಲ್ಲವೋ, ಆ ಕೈಯ ಬಿಸಿ ಮಾತ್ರ ಮನೆಯವರೆಗೂ ಬಂತು.

‘ಇವರ ಬಾಯಲ್ಲಿ ಒಮ್ಮೆ ಭೇಷ್ ಅನ್ನಿಸಿಕೊಂಡರೆ ಸಾಕು...’

ಪಾಪದ ಹುಡುಗಿ. ಆ ಭೇಷ್‌ಗೆ ಏನು ತೆರಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಮರುವಾರವೇ ಅಕಾಲದ ಮಳೆ! ರಸ್ತೆಯ ಮೇಲೆ ಒಣಹಾಕಿದ್ದ ಭತ್ತ ಮುಚ್ಚಲು ತಾಯಿ ಉಡಚಮ್ಮ ತಾಡಪತ್ರಿ ಎಳೆದುಕೊಂಡು ಓಡಿದಳು. ಗಾಳಿಗೆ ಅದರ ಇನ್ನೊಂದು ತುದಿ ಹಾರಿತು.

“ಯಶೋದೀ! ಬಾರೆ, ಆ ತುದಿ ಹಿಡಿಯೇ!”

ಯಶೋದಾ ಕೂಗಳತೆಯಲ್ಲೇ ನಿಂತು ವಿಡಿಯೊ ತೆಗೆಯುತ್ತಿದ್ದಳು. ಮೊಬೈಲ್ ಕೆಳಗಿಳಿಸಲಿಲ್ಲ. ಅವ್ವ ಜಾರಿ ಬಿದ್ದಳು. ಸೊಂಟ ಮುರಿಯಿತು.

ಯಾರಾದರೂ ತನ್ನನ್ನು ಬೈಯಲಿ ಎಂದು ಅವಳು ಆಸ್ಪತ್ರೆಯಿಂದಲೇ ಆ ವಿಡಿಯೊವನ್ನು ಕೊಟ್ಟೂರೇಶನಿಗೆ ಕಳಿಸಿದಳು. ಉತ್ತರ ಬಂತು. ‘ಸೂಪರ್!’

ತರಬೇತಿಯ ಕೊನೆಯ ದಿನ ಪರದೆಯ ಮೇಲೆ ಅವ್ವ ಮತ್ತೆ ಬಿದ್ದಳು. ಈ ಸಲ ಅವಳ ಕೂಗಿರಲಿಲ್ಲ. ಕೊಳಲಿನ ಸಂಗೀತವಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ವಿಡಿಯೊ ಅಂದ್ರೆ ಇದು ನೋಡ್ರಿ! ಯಶೋದಾ, ಯಾರ್ರೀ ಈಯಮ್ಮ? ನೋವು ಎಷ್ಟು ಚೆಂದ ಬಂದೈತೆ!” ಎಂದ ಕೊಟ್ಟೂರೇಶ್.

“ನಮ್ಮವ್ವ ರೀ!”

ಚಪ್ಪಾಳೆ ನಿಂತಿತು.

“ನನ್ನ ಹೆಸರು ಹಿಡಿದು ಕೂಗಿದ್ಲು. ಅದನ್ನ ಕಿತ್ತಾಕಿ ಕೊಳಲು ಹಾಕಿದ್ರಾ? ಥೂ! ನೀವು ಮನುಷ್ಯರೇನ್ರಿ?”

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಮನೆಯಲ್ಲಿ ಅವ್ವ ಬಾಗಿಲ ಬಳಿಯ ಮಂಚದಲ್ಲಿ ಹಾಸಿಗೆ ಹಿಡಿದಿದ್ದಳು. ಬೈಗುಳವಿಲ್ಲ, ಮಗಳ ಹೆಸರನ್ನೂ ಎತ್ತುತ್ತಿರಲಿಲ್ಲ.

“ನೀರು ಕೊಡ್ಲಾ, ಅವ್ವಾ?”

“ಬ್ಯಾಡ. ನೀನು ವಿಡಿಯೊ ತಕ್ಕಾ.”

ಊಟಕ್ಕೆ ಕರೆದರೂ ಅದೇ ಮಾತು. ಯಶೋದಾ ಹಿತ್ತಲಲ್ಲಿ ನಿಂತು ಬಿಕ್ಕಿದಳು. ಅಷ್ಟಾದರೂ ಆ ಪಾಪಿ ಮನಸ್ಸು ಅವನನ್ನೇ ನೆನೆಯುತ್ತಿತ್ತಲ್ಲ!

ಒಂದು ಮಧ್ಯಾಹ್ನ ಕೊಟ್ಟೂರೇಶನೇ ಬಂದು ಮಂಚದ ಬಳಿ ಕೈಮುಗಿದು ನಿಂತ.

“ಅಮ್ಮಾ, ಮೊಬೈಲ್ ಇಳಿಸಬ್ಯಾಡ ಅಂದಿದ್ದು ನಾನು.”

“ನೀ ಅಂದಿ. ಅವಳು ಕೇಳಿದ್ಲು. ಸೊಂಟ ನಂದು ಹೋತು.”

ಅಷ್ಟರಲ್ಲಿ ಗುಡುಗಿತು! ನೆನೆದು ಬಣ್ಣಗೆಟ್ಟ ಭತ್ತ ಮತ್ತೆ ರಸ್ತೆಯ ಮೇಲಿತ್ತು. ಯಶೋದಾ ತಾಡಪತ್ರಿ ಎಳೆದುಕೊಂಡು ಓಡಿದಳು. ಇನ್ನೊಂದು ತುದಿ ಹಾರುವಷ್ಟರಲ್ಲಿ ಅವನು ಅದರ ಮೇಲೆ ಬಿದ್ದು ಹಿಡಿದ.

“ಬಿಡ್ರಿ! ಅವ್ವನ ಕೂಗು ಕೇಳೀನೂ ಅಳಿಸಿ ಹಾಕಿದೋರು ನೀವು!”

“ಕೇಳೇ ಇರ್ಲಿಲ್ಲ, ಯಶೋದಾ... ನಾನು ಯಾವಾಗ್ಲೂ ದನಿ ಬಂದ್ ಮಾಡಿನೇ ಕಟ್ ಮಾಡೋದು. ಆಮೇಲೆ ಮ್ಯೂಸಿಕ್ ಹಾಕೋದು.”

“ಅದು ಇನ್ನೂ ಕೆಟ್ಟದ್ದು!”

“ಹೌದು. ನೀವು ಹೋದ್ಮ್ಯಾಲೆ ಆ ಕೂಗು ಕೇಳ್ದೆ. ಈಗ ನಿದ್ದೀನೇ ಇಲ್ಲ.” ಮಳೆನೀರು ಅವನ ಮುಖದಿಂದ ಇಳಿಯುತ್ತಿತ್ತು. “ಮೊದಲ ದಿನದಿಂದ್ಲೂ ಮನಸ್ಸಿನಾಗೆ ನೀವೇ ಇದ್ದೀರಿ. ಬೈರಿ, ಹೊಡೀರಿ... ಹೋಗು ಅಂತ ಮಾತ್ರ ಅನ್ನಬ್ಯಾಡ್ರಿ.”

ಹೋಗು ಅನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಇರು ಅನ್ನಲು ಅವ್ವನ ಮುಖ ಅಡ್ಡ ಬಂತು.

ಆಗ ಮಂಚದಿಂದ ಕೂಗು ಬಂತು.

“ಯಶೋದೀ! ಗಟ್ಟಿ ಹಿಡ್ಕಳಾಕೆ ಹೇಳೇ ಅವನಿಗೆ! ಬಿಟ್ಟರೆ ಈ ಸಲ ಅವನ ಸೊಂಟ ನಾನೇ ಮುರೀತೀನಿ!”

ಯಶೋದಾ ಜೋರಾಗಿ ಅತ್ತುಬಿಟ್ಟಳು. ಅವ್ವ ಹೆಸರು ಹಿಡಿದು ಕರೆದಿದ್ದಳು!

“ಕೇಳಿಸ್ತೇನ್ರಿ?”

“ಕೇಳಿಸ್ತು,” ಎಂದ ಅವನು, ತನ್ನ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು.